ಕೆಂಚಿಯ ಬಾಲ

ಅಮರಪ್ಪ ಯುದ್ಧಕ್ಕೆ ಹೋಗಿ ಬಂದವನು ಎಂಬುದು ಮಾದನಾಯಕನಹಳ್ಳಿಯ ಆ ವಠಾರದಲ್ಲಿ ಎಲ್ಲರಿಗೂ ಗೊತ್ತಿತ್ತು. ಯುದ್ಧದಲ್ಲಿ ಅವನು ಹಿಡಿದದ್ದು ಏನನ್ನು ಎಂಬುದೂ ಗೊತ್ತಿತ್ತು. ಹೊಸದಾಗಿ ಬಾಡಿಗೆಗೆ ಬಂದವರು ಯಾರಾದರೂ ನಲ್ಲಿಯ ಹತ್ತಿರ, "ಅಂಕಲ್, ನೀವು ಕಾರ್ಗಿಲ್‌ಗೆ ಹೋಗಿದ್ರಂತೆ! ಯಾವ ಗನ್ ಕೊಟ್ಟಿದ್ರು?" ಎಂದು ಕೇಳಿದರೆ, ಅವನು ಕೊಡದಿಂದ ಕಣ್ಣು ತೆಗೆಯದೆಯೇ, "ಗನ್ನು ಬೆನ್ನ ಮ್ಯಾಲ ಇತ್ರಿ. ಕೈಯಾಗ ಬಾಲ ಇತ್ತು" ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಅವನೂ ಜೊತೆಗೆ ಒಂದಿಷ್ಟು ನಕ್ಕು, ಕೊಡ ಹೊತ್ತು ಒಳಗೆ ಹೋಗುತ್ತಿದ್ದ.

ಅದು ಕೆಂಚಿಯ ಬಾಲ. ಕೆಂಚಿ ಒಂದು ಹೇಸರಗತ್ತೆ. ತಾಯಿ ಕುದುರೆ, ತಂದೆ ಕತ್ತೆ. ಸೈನ್ಯದವರು ಖಚ್ಚರ್ ಎನ್ನುತ್ತಾರೆ. ಸರಕಾರದ ಲೆಕ್ಕದಲ್ಲಿ ಅದಕ್ಕೆ ಗೊರಸಿನ ಮೇಲೆ ಸುಟ್ಟು ಒತ್ತಿದ ನಂಬರೊಂದೇ ಗುರುತು. ಹೆಸರು ಇಟ್ಟವನು ಅಮರಪ್ಪ, ಮೈಬಣ್ಣ ನೋಡಿ. ಮುದ್ದೇಬಿಹಾಳದ ಕಡೆಯ ಎರೆಭೂಮಿಯಲ್ಲಿ ಹುಟ್ಟಿ, ಬೆಟ್ಟವೆಂದರೆ ಊರಾಚೆಯ ಕಲ್ಲುದಿಬ್ಬ ಎಂದು ತಿಳಿದಿದ್ದ ಹುಡುಗ ಸೈನ್ಯಕ್ಕೆ ಸೇರಿದ. ಹೇಸರಗತ್ತೆಗಳ ಮೇಲೆ ಸಾಮಾನು ಹೇರಿ ಬೆಟ್ಟ ಹತ್ತಿಸುವ ಕಂಪನಿಗೆ ಬಿದ್ದ. ಕೊನೆಗೆ ಆ ಯುದ್ಧದ ಬೇಸಗೆಯಲ್ಲಿ ದ್ರಾಸ್ ಕಡೆಯ ಬೆಟ್ಟಗಳಿಗೆ ಮದ್ದುಗುಂಡು, ರೊಟ್ಟಿ, ನೀರಿನ ಡಬ್ಬಿ ಹೊತ್ತ ಕೆಂಚಿಯ ಹಿಂದೆ ಅದರ ಬಾಲ ಹಿಡಿದು ಹತ್ತಿದ. ಹತ್ತಿದ ಮೇಲೆ ಇಳಿದ. ಮರುದಿನ ಮತ್ತೆ ಹತ್ತಿದ. ಅವನ ಯುದ್ಧ ಅಷ್ಟೇ.

ಹೆಂಡತಿ ಸಿದ್ದಕ್ಕನಿಗೆ ಆ ಪ್ರಾಣಿಯ ಹೆಸರೆತ್ತಿದರೆ ಆಗುತ್ತಿರಲಿಲ್ಲ. ರಜೆಯ ಮೇಲೆ ಬಂದ ಗಂಡ, ಕೆಂಚಿ ಏನು ತಿನ್ನುತ್ತದೆ, ಹೇಗೆ ನಿಂತೇ ನಿದ್ದೆ ಮಾಡುತ್ತದೆ, ಎಡಗಿವಿ ಮುಟ್ಟಿದರೆ ಹೇಗೆ ಸಿಟ್ಟಾಗುತ್ತದೆ ಎಂದು ಶುರು ಮಾಡಿದರೆ ಅವಳು ಅರ್ಧಕ್ಕೇ ಎದ್ದುಬಿಡುತ್ತಿದ್ದಳು. "ನನ್ನ ಸವತಿ ಪುರಾಣ ನನಗ ಹೇಳಬ್ಯಾಡ್ರಿ. ಹಿಟ್ಟು ನಾದೂದೈತಿ ನಂದು." ಅವಳ ಸಿಟ್ಟಿಗೆ ಕಾರಣವಿತ್ತು. ಅವನು ಕೆಂಚಿಯ ಜೊತೆ ಕಳೆದ ವರ್ಷಗಳನ್ನೆಲ್ಲ ಅವಳು ಊರಲ್ಲಿ, ಅತ್ತೆಯ ಮನೆಯಲ್ಲಿ, ಎಳೆಮಗಳನ್ನು ಕಟ್ಟಿಕೊಂಡು ಒಬ್ಬಳೇ ಕಳೆದಿದ್ದಳು. ಹಾಗಾಗಿ ಅವರ ಇಡೀ ಸಂಸಾರದಲ್ಲಿ ಕೆಂಚಿಯ ಕತೆಯನ್ನು ಸಿದ್ದಕ್ಕ ಒಮ್ಮೆಯೂ ಕೊನೆಯವರೆಗೆ ಕೇಳಿರಲಿಲ್ಲ.

ಸೈನ್ಯದಲ್ಲಿ ಮನುಷ್ಯರು ನಿವೃತ್ತರಾಗಿ ಮನೆಗೆ ಹೋಗುತ್ತಾರೆ, ಪ್ರಾಣಿ ಕಂಪನಿಯಲ್ಲೇ ಉಳಿಯುತ್ತದೆ. ಅಮರಪ್ಪನೂ ಒಂದು ಮುಂಜಾನೆ ಕೆಂಚಿಯ ಹಗ್ಗವನ್ನು ಗಢವಾಲದ ಹೊಸ ಹುಡುಗನೊಬ್ಬನ ಕೈಗೆ ಕೊಟ್ಟ. ಎಡಗಿವಿಯ ವಿಷಯ ಹೇಳಿದ. ಪೆಟ್ಟಿಗೆ ಹೊತ್ತು ಗೇಟಿನವರೆಗೆ ನಡೆದವನು ಒಮ್ಮೆ ತಿರುಗಿ ನೋಡಿದ. ಕೆಂಚಿ ಹುಲ್ಲಿನಿಂದ ತಲೆ ಎತ್ತಲಿಲ್ಲ. ಅಷ್ಟೆಲ್ಲ ಬೆಟ್ಟ ಹತ್ತಿ ಇಳಿದ ಮೇಲೂ ಒಂದು ಸಲ ತಿರುಗಿ ನೋಡಬಾರದೇ ಎಂದು ಅವನ ಮನಸ್ಸು ಚುರುಕ್ಕೆಂದಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಊರಿಗೆ ಬಂದವನು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಇನ್ನ ಬ್ಯಾರೆ ಬ್ಯಾರೆ ಇರೂದು ಮುಗೀತು ನೋಡು." ತುಮಕೂರು ರಸ್ತೆಯ ಗೋದಾಮೊಂದರ ಗೇಟು ಕಾಯುವ ಕೆಲಸ ಸಿಕ್ಕಿದಾಗ ಅವಳನ್ನೂ ಮಗಳನ್ನೂ ಕಟ್ಟಿಕೊಂಡೇ ಬಂದ. ಮಗಳು ಮಹಾನಂದಾ ಇಲ್ಲೇ ಬೆಳೆದು, ಪೀಣ್ಯದಲ್ಲಿ ಮೋಟರಿಗೆ ತಂತಿ ಸುತ್ತುವ ಕಾರ್ಖಾನೆಗೆ ಹೋಗತೊಡಗಿದಳು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಸಿದ್ದಕ್ಕ ನಲ್ಲಿಯ ಹತ್ತಿರ ಕುಸಿದು ಬಿದ್ದಳು. ಲಕ್ವಾ ಎಂದರು. ಬಲಗೈ ಹೋಯಿತು, ಬಲಗಾಲು ಹೋಯಿತು, ನಾಲಗೆ ಹೊರಳದಾಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತು ಮರಳಿತು; ಆದರೆ ಒಂದು ಪದ ಬಂದು, ಸ್ವಲ್ಪ ನಿಂತು, ಮುಂದಿನದು ಬರುವಷ್ಟು ಮಾತ್ರ. ಮೊದಲು ವಠಾರದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಮಾತಾಡುತ್ತಿದ್ದ ಹೆಂಗಸು.

ರೋಗಿಯನ್ನು ನೋಡಿಕೊಳ್ಳುವುದನ್ನು ಅಮರಪ್ಪ ಎಲ್ಲೂ ಕಲಿತವನಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ಪದ್ಧತಿ. ಬೆಟ್ಟ ಹತ್ತಿ ಬಂದ ಮೇಲೆ ಮೊದಲು ಪ್ರಾಣಿಗೆ ನೀರು, ಆಮೇಲೆ ಮೇವು, ಆಮೇಲೆ ಮೈ ತಿಕ್ಕಬೇಕು. ಜೀನು ಕೂತ ಜಾಗದಲ್ಲೆಲ್ಲ ಅಂಗೈ ಹಿಂಬದಿಯಿಂದ ಸವರಿ, ಎಲ್ಲಾದರೂ ಬಿಸಿಯಾಗಿದೆಯೋ, ಹುಣ್ಣು ಏಳುತ್ತಿದೆಯೋ ನೋಡಬೇಕು. ಮನುಷ್ಯ ಉಣ್ಣುವುದು ಎಲ್ಲದರ ಕೊನೆಗೆ. ಕೆಲಸ ಕಲಿಸಿದ ಉಸ್ತಾದರು ಮೊದಲ ದಿನವೇ ಹೇಳಿದ್ದ ಮಾತು. ಅಮರಪ್ಪ ಮುಂಜಾನೆ ಎದ್ದವನೇ ಹೆಂಡತಿಗೆ ನೀರು ಕುಡಿಸುತ್ತಿದ್ದ, ಹಾಲಲ್ಲಿ ರೊಟ್ಟಿ ಮುರಿದು ತಿನ್ನಿಸುತ್ತಿದ್ದ, ಒರಟು ಟವೆಲಿನಿಂದ ಕೈಕಾಲು ತಿಕ್ಕುತ್ತಿದ್ದ, ಮಲಗಿ ಮಲಗಿ ಬೆನ್ನಿಗೆ ಹುಣ್ಣಾಗಬಾರದೆಂದು ಅಂಗೈ ಹಿಂಬದಿಯಿಂದ ಸವರಿ ನೋಡುತ್ತಿದ್ದ. ಇಷ್ಟಾಗುವವರೆಗೆ ಚಹಾ ಕೂಡ ಕುಡಿಯುತ್ತಿರಲಿಲ್ಲ.

ಸಿದ್ದಕ್ಕ ನೋಡಿದಳು, ನೋಡಿದಳು. ಒಂದು ದಿನ ಕೇಳಿಯೇಬಿಟ್ಟಳು. "ನಾ... ಏನು... ಕಚ್ಚರೇನು?"

"ಕಚ್ಚರ ಆಗಿದ್ರ ಇಷ್ಟೊತ್ತಿಗೆ ಒಮ್ಮೆರ ಒದೀತಿತ್ತು," ಎಂದ ಅಮರಪ್ಪ.

ಅವಳು ಎಡಗಾಲು ಎತ್ತಿ ಒದೆಯಲು ನೋಡಿದಳು. ಇಬ್ಬರಿಗೂ ನಗು ಬಂತು. ಅವಳ ನಗು ಒಂದೇ ಬದಿಗೆ ಬಂತು.

ಎಲ್ಲ ಸರಿಹೋಗುತ್ತಿತ್ತು, ನಡೆಸುವುದೊಂದು ಬಿಟ್ಟು. ಅವನು ಎದುರಿಗೆ ನಿಂತು, ಅವಳ ಎರಡೂ ಕೈ ಹಿಡಿದು, ತಾನು ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ, ಅವಳ ಮುಖವನ್ನೇ ನೋಡುತ್ತ, "ಬಾ... ಬಾ... ಇಡು ಕಾಲು... ಅಂಜಬ್ಯಾಡ..." ಎನ್ನುತ್ತಿದ್ದ. ಸಿದ್ದಕ್ಕ ಮಂಚದಿಂದ ಬಾಗಿಲವರೆಗೆ ಬರುತ್ತಿದ್ದಳು. ಹೊಸ್ತಿಲ ಹತ್ತಿರ ಗೂಟ ಹೊಡೆದಂತೆ ನಿಂತುಬಿಡುತ್ತಿದ್ದಳು. ಎಳೆದರೆ ಇನ್ನಷ್ಟು ಬಿಗಿಯಾಗುತ್ತಿದ್ದಳು. ಸರಕಾರಿ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ವೇಣಿ ಎಂಬ ಹುಡುಗಿ ಹೇಳಿದ್ದಳು: "ಅಂಕಲ್, ಕಾಲಲ್ಲಿ ಶಕ್ತಿ ಬಂದಿದೆ. ಅವರಿಗಿರೋದು ಭಯ ಅಷ್ಟೆ. ನೀವು ಎಳೀಬೇಡಿ, ಅವರಾಗೇ ಬರ್ಲಿ." ಅವನು ಆಯಿತೆನ್ನುತ್ತಿದ್ದ. ಮನೆಗೆ ಬಂದು ಮತ್ತೆ ಎಳೆಯುತ್ತಿದ್ದ.

ಹೀಗಿರುವಾಗ ಮನೆಯ ಒಡತಿ ವನಜಾ ಒಂದು ಸಂಜೆ ಬಂದು ಬಾಗಿಲಲ್ಲಿ ಕೂತರು. ಅವರು ಕೆಟ್ಟವರಲ್ಲ, ಸಿದ್ದಕ್ಕ ಬಿದ್ದ ದಿನ ಮೊದಲು ಓಡಿ ಬಂದು ತಲೆ ಎತ್ತಿ ಹಿಡಿದವರು ಅವರೇ.

"ಅಮರಪ್ಪನೋರೇ, ಹೇಳೋಕೇ ಬೇಜಾರು ಕಣ್ರೀ. ನಮ್ಮ ಮಗ ಶ್ರೀಕಾಂತ ಪಾರ್ಸಲ್ ಏಜೆನ್ಸಿ ತಗೊಂಡ್ಬಿಟ್ಟಿದಾನೆ. ಗಾಡಿಯಿಂದ ಡಬ್ಬ ಇಳಿಸೋಕೆ ಈ ಕೆಳಗಿನ ರೂಮೇ ಬೇಕಂತೆ. ಮೇಲಿನ ರೂಮ್ ನಿಮಗೇ ಇಟ್ಟಿದೀನಿ. ಗಾಳಿ ಬೆಳಕು ಸಕ್ಕತ್ತಾಗಿದೆ, ಬಾತ್‌ರೂಮ್ ಒಳಗೇ ಇದೆ. ಆದ್ರೆ..." ಎಂದು ಹೊರಗಿನ ಮೆಟ್ಟಿಲ ಕಡೆ ನೋಡಿದರು.

ಮೆಟ್ಟಿಲು ಕಡಿದಾಗಿತ್ತು. ಹತ್ತುವಾಗ ಬಲಕ್ಕೆ ಗೋಡೆ, ಎಡಕ್ಕೆ ಬಯಲು. ಕಂಬಿ ಹಾಕಿಸುವುದು ಇನ್ನೂ ಬಾಕಿ. ಹಿಡಿಯಲು ಗೋಡೆಯಿದ್ದ ಕಡೆ ಸಿದ್ದಕ್ಕನ ಬಲಗೈಗೆ ಹಿಡಿತವಿಲ್ಲ. ಹಿಡಿತವಿದ್ದ ಎಡಗೈಗೆ ಹಿಡಿಯಲು ಏನೂ ಇಲ್ಲ.

ಅಮರಪ್ಪನೂ ಮಗಳೂ ಬೇರೆ ರೂಮುಗಳನ್ನು ನೋಡಿದರು. ಕೆಳಗಿನವು ಎಲ್ಲೆಲ್ಲೂ ಅಂಗಡಿ, ಗೋದಾಮು. ಶನಿವಾರ ಅಮರಪ್ಪ ಮನಸ್ಸು ಗಟ್ಟಿ ಮಾಡಿ ಹೆಂಡತಿಯನ್ನು ಮೆಟ್ಟಿಲ ಬುಡಕ್ಕೆ ತಂದ. ತಾನು ಮೇಲಿನ ಮೆಟ್ಟಿಲಲ್ಲಿ ಅವಳಿಗೆ ಮುಖ ಮಾಡಿ ನಿಂತು, ಎರಡೂ ಕೈ ಹಿಡಿದು ಎಳೆದ. ಅವಳು ಮೊದಲ ಮೆಟ್ಟಿಲು ಹತ್ತಿದಳು. ಇನ್ನೊಂದು ಹತ್ತಿದಳು. ಆಮೇಲೆ ತಲೆ ಎತ್ತಿ ಅವನ ಮುಖ ನೋಡಿದಳು, ಅಲ್ಲೇ ನಿಂತಳು. ಅವನು ಎಳೆದ. ಕಾಲು ಬರಲಿಲ್ಲ, ಮೈ ಬಂತು. ಮೊಣಕಾಲು ಸಿಮೆಂಟಿಗೆ ತರಚಿ ರಕ್ತ ಒಸರಿತು.

ಮಹಾನಂದಾ ಅಳುತ್ತ ಗಾಯ ತೊಳೆದಳು. ಆಮೇಲೆ ಕಣ್ಣೊರಸಿಕೊಂಡು, "ಸಾಕಪ್ಪಾ, ಸಾಕು," ಎಂದಳು. "ಅವ್ವನ್ನ ಊರಿಗೆ, ಮಾವನ ಮನಿಗೆ ಕಳಸೂಣು. ಅಲ್ಲಿ ಮೆಟ್ಟಲ ಇಲ್ಲ, ಅಂಗಳ ಐತಿ. ಮನ್ಯಾಗ ಮಂದಿ ಅದಾರ. ನಾವು ಹಬ್ಬಕ್ಕ ಹುಣ್ಣಿವಿಗೆ ಹೋಗಿ ಬರೂಣು."

"ಹೂಂ," ಎಂದ ಅಮರಪ್ಪ. ಬೇರೆ ಏನೂ ತೋಚಲಿಲ್ಲ. ಸಿದ್ದಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಆ ಹೊತ್ತು ರೊಟ್ಟಿ ಮುಟ್ಟಲಿಲ್ಲ. ಅವಳು ಮುಟ್ಟದ್ದರಿಂದ ಅವನೂ ಮುಟ್ಟಲಿಲ್ಲ.

ಮಹಾನಂದಾ ಫೋನು ಮಾಡಿದ್ದಕ್ಕೆ ಮರುದಿನ ಊರಿನಿಂದ ಸಿದ್ದಕ್ಕನ ತಮ್ಮ ಭೀಮಪ್ಪ ಜೀಪು ತಗೊಂಡು ಬಂದ. ಬರುವಾಗ ಜೋಳದ ಹಿಟ್ಟಿನ ಚೀಲ, ಶೇಂಗಾ ಹಿಂಡಿ, ಒಂದು ಡಬ್ಬಿ ಕೆನೆಮೊಸರು. ಒಳ್ಳೆಯವನೇ, ಆದರೆ ಬಾಯಿಗೆ ಲಗಾಮಿಲ್ಲ. ಊಟಕ್ಕೆ ಕೂತು ಎರಡು ತುತ್ತು ಹೋಗುತ್ತಿದ್ದಂತೆ ಶುರು ಮಾಡಿದ.

"ಏನ್ ಮಾವಾ, ಬಾಲ ಹಿಡಕೊಂಡು ಹಿಮಾಲಯ ಹತ್ತಿದಾವರು, ನಮ್ಮಕ್ಕನ ಕೈ ಹಿಡದು ನಾಕ ಮೆಟ್ಟಲ ಹತ್ತಸಾಕ ಆಗಲಿಲ್ಲೇನು?"

ಯಾರೂ ನಗಲಿಲ್ಲ. ಮಹಾನಂದಾ ಅವನತ್ತ ಕಣ್ಣು ಬಿಟ್ಟಳು. ಅಮರಪ್ಪ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತ. ಭೀಮಪ್ಪನಿಗೆ ತಪ್ಪಿನ ಅರಿವಾಗಿ, ಮಾತನ್ನು ಹೇಗಾದರೂ ಬೇರೆ ಕಡೆ ತಿರುಗಿಸಲು, "ಅಲ್ಲ ಮಾವಾ, ಖರೇನ ಕೇಳಾಕತ್ತೀನಿ. ಬಾಲ ಹಿಡದು ಹತ್ತೂದಂದ್ರ ಹೆಂಗ? ಒಮ್ಮಿನೂ ಪೂರಾ ಹೇಳಿಲ್ಲ ನೀವು," ಎಂದ.

"ಯಾರು ಕೇಳ್ಯಾರ, ಹೇಳಾಕ?"

"ಈಗ ಕೇಳೇನಲ್ಲ."

ಸಿದ್ದಕ್ಕ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಮೊದಲಾಗಿದ್ದರೆ ಈಗ ಎದ್ದು, ಹಿಟ್ಟಿನ ನೆಪ ಹೇಳಿ ಹೊರಗೆ ಹೋಗುತ್ತಿದ್ದಳು. ಈಗ ಎದ್ದು ಹೋಗುವಂತಿರಲಿಲ್ಲ. ಅದು ಅಮರಪ್ಪನಿಗೂ ಗೊತ್ತಾಗಿ, ಅವಳ ಕಡೆ ಒಮ್ಮೆ ನೋಡಿ ಸಂಕೋಚಪಟ್ಟ. ಅವಳು ಎಡಗೈಯಿಂದ 'ಹೇಳ್ರಿ' ಎಂಬಂತೆ ಸನ್ನೆ ಮಾಡಿದಳು.

"ಹಗಲಿ ಹೋಗೂಹಂಗಿಲ್ಲ," ಎಂದು ಅವನು ನಿಧಾನಕ್ಕೆ ಎತ್ತಿಕೊಂಡ. "ಮ್ಯಾಲ ಕುಂತಾವರಿಗೆ ನಾವು ಇರುವಿ ಸಾಲು ಕಂಡಂಗ ಕಾಣ್ತೀವಿ. ಕತ್ತಲಾದ ಮ್ಯಾಲ ಹೊಂಡೂದು. ಬ್ಯಾಟರಿ ಹಚ್ಚೂಹಂಗಿಲ್ಲ, ಬೀಡಿ ಹಚ್ಚೂಹಂಗಿಲ್ಲ. ಒಂದು ಕಡೆ ಬಂಡಿಗಲ್ಲು, ಇನ್ನೊಂದು ಕಡೆ ಏನೂ ಇಲ್ಲ. ದಾರಿ ಅಗಲ ಇದ್ದಲ್ಲಿ ನಾ ಮುಂದ, ಹಗ್ಗ ಹಿಡದು. ಸಣ್ಣದಾತಂದ್ರ ಅಕಿ ಮುಂದ, ನಾ ಹಿಂದ. ಕತ್ತಲಾಗ ಅಕಿಗೆ ದಾರಿ ತಿಳೀತಿತ್ತು, ನನಗ ತಿಳೀತಿದ್ದಿಲ್ಲ."

"ಅಂಜಿಕಿ ಆಗ್ತಿದ್ದಿಲ್ಲೇನ್ರಿ?"

"ಆಗ್ಲಾರದ ಏನೋ ಭೀಮ್ಯಾ! ಒಮ್ಮೆ ಹಿಂಗ ನಾ ಮುಂದ ಇದ್ದೆ. ಕೆಳಗ ಕೊಳ್ಳದಾಗ ಒಂದು ತೋಪಿನ ಗೋಳಾ ಬಿತ್ತು. ಕಲ್ಲು ಉರುಳಿದ್ವು. ನನಗ ಕೈಕಾಲು ಬಿದ್ದು ಹೋದಂಗಾತು. ಹೊಳ್ಳಿ ನಿಂತು, ಅಕಿ ಮಾರಿ ನೋಡಕೋತ ಹಗ್ಗ ಜಗ್ಗಿದೆ. ಜಗ್ಗಿದಂಗ ಜಗ್ಗಿದಂಗ ಅಕಿ ಗೂಟ ಆಗಿಬಿಟ್ಲು. ಒಂದು ಹೆಜ್ಜಿ ಇಡಲಿಲ್ಲ. ಹಿಂದ ಇಡೀ ಸಾಲು ನಿಂತೈತಿ. ಅಷ್ಟೊತ್ತಿಗೆ ನಮ್ಮ ಉಸ್ತಾದ ಬಂಡಿಗಲ್ಲಿಗೆ ಹೊಟ್ಟಿ ತಿಕ್ಕೋತ ಮುಂದ ಬಂದು, ಕಿವ್ಯಾಗ ಅಂದ..."

ಮುಂದಿನ ಮಾತು ಬಾಯಿಯವರೆಗೆ ಬಂದದ್ದು ಅಮರಪ್ಪನಿಗೇ ಹೊಸದಾಗಿ ಕೇಳಿಸಿದಂತಾಯಿತು.

"ಏನಂದ್ರು?" ಎಂದಳು ಮಹಾನಂದಾ.

"'ಮಾರಿ ನೋಡಬ್ಯಾಡಲೇ. ನಿನ್ನ ಅಂಜಿಕಿ ನಿನ್ನ ಮಾರಿ ಮ್ಯಾಲ ಐತಿ, ಅದನ್ನ ನೋಡೇ ಅದು ನಿಂತೈತಿ' ಅಂದ. 'ಹಿಂದ ಹೋಗು, ಬಾಲ ಹಿಡಿ, ಬಾಯಿ ಮುಚ್ಚು' ಅಂದ. ಹಿಂದ ಹೋದೆ. ಬಾಲ ಹಿಡದೆ. ಅಕಿ ಹೊಂಟ್ಲು. ಅಕಿ ಎಲ್ಲೆಲ್ಲಿ ಕಾಲಿಟ್ಲೋ ನಾನೂ ಅಲ್ಲಲ್ಲೇ ಇಟ್ಟೆ. ಅಷ್ಟ ನೋಡು. ಮ್ಯಾಲ ಹೋಗಿ ಮುಟ್ಟಿದ್ವಿ."

ಹೊರಗೆ ಶ್ರೀಕಾಂತನ ಹುಡುಗರು ಆಗಲೇ ತಂದಿಳಿಸಿದ ಖಾಲಿ ರ‍್ಯಾಕುಗಳನ್ನು ಗೋಡೆಗೆ ಆನಿಸುತ್ತಿದ್ದರು. ಸಿದ್ದಕ್ಕನ ತುಟಿ ಅಲುಗಿತು. ಅವಳು ಮಾತಿಗೆ ಹೊರಟಾಗ ಎಲ್ಲರೂ ಕಾಯುವುದನ್ನು ಕಲಿತಿದ್ದರು.

"ಅಕಿ..." ಎಂದಳು. "ಹೊಳ್ಳಿ... ನೋಡ್ತಿದ್ಲೇನು... ನಿಮ್ಮನ್ನ?"

"ಇಲ್ಲ. ಒಮ್ಮಿನೂ ಇಲ್ಲ."

"ನೀವು... ಬಿದ್ರೋ... ಇದ್ರೋ..."

"ಅದು ಬಾಲದಾಗ ತಿಳೀತಿತ್ತಂತ ಕಾಣ್ತೈತಿ ಅಕಿಗೆ. ನಾ ದಮ್ಮು ಹತ್ತಿ ನಿಂತ್ರ ತಾನೂ ನಿಲ್ಲಾಕಿ. ಹೊಳ್ಳಿ ಮಾತ್ರ ನೋಡ್ತಿದ್ದಿಲ್ಲ."

ಸಿದ್ದಕ್ಕ ದಿಂಬಿನಿಂದ ಮುಂದಕ್ಕೆ ಬಾಗಿದಳು. "ಮತ್ತ... ನೀವ್ಯಾಕ... ನೋಡ್ತೀರಿ... ನನ್ನ ಮಾರಿ?"

ಅಮರಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನಿಮ್ಮ ಮಾರಿ... ನೋಡಿದ್ರ... ನನಗ... ಎದಿ... ಒಡೀತೈತಿ." ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಸಾಕಾಯಿತು. ಕಣ್ಣು ಮುಚ್ಚಿ ಸುಧಾರಿಸಿಕೊಂಡಳು. ಆಮೇಲೆ ಅವನ ಹೆಗಲ ಮೇಲಿದ್ದ ಟವೆಲಿನ ಕಡೆ ಬೆರಳು ಮಾಡಿದಳು. ತನ್ನ ಎಡಗೈಯನ್ನು ಒಮ್ಮೆ ಮುಷ್ಟಿ ಕಟ್ಟಿ ತೋರಿಸಿದಳು.

ಮಹಾನಂದಾಳಿಗೆ ಮೊದಲು ತಿಳಿಯಿತು. "ಬ್ಯಾಡವ್ವಾ," ಎಂದಳು. "ನಿನ್ನೆ ಬಿದ್ದದ್ದ ಸಾಕು. ಮಾವ ಜೀಪ್ ತಂದಾನ, ಎಲ್ಲಾ ಕಟ್ಟಿ ಇಟ್ಟೀನಿ..."

"ಬಿಚ್ಚು," ಎಂದಳು ಸಿದ್ದಕ್ಕ. ಈ ಒಂದು ಪದ ಮಾತ್ರ ತಡೆಯಿಲ್ಲದೆ, ಮೊದಲಿನ ದನಿಯಲ್ಲೇ ಬಂತು.

ಅಮರಪ್ಪ ಕೈ ತೊಳೆದ. ಟವೆಲನ್ನು ಸೊಂಟಕ್ಕೆ ಒಂದು ಸುತ್ತು ಸುತ್ತಿ, ಗಂಟು ಹಾಕಿ, ಉಳಿದ ತುದಿಯನ್ನು ಹಿಂದಕ್ಕೆ ಇಳಿಬಿಟ್ಟ. ಭೀಮಪ್ಪನ ನಾಲಗೆಯ ಮೇಲೆ ಏನೋ ಬಂದಿತ್ತು. ಅಕ್ಕನ ಮುಖ ನೋಡಿ ನುಂಗಿಕೊಂಡ. ಅವನೂ ಮಹಾನಂದಾಳೂ ಅವಳನ್ನು ಮೆಟ್ಟಿಲ ಬುಡದವರೆಗೆ ನಡೆಸಿ ತಂದರು. ವನಜಾ ಬಾಗಿಲಿಗೆ ಬಂದು, "ಅಯ್ಯೋ ಸಿದ್ದಕ್ಕಾ, ಹುಷಾರು ಕಣ್ರೀ..." ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಶ್ರೀಕಾಂತನ ಹುಡುಗರು ರ‍್ಯಾಕು ಬಿಟ್ಟು ನಿಂತರು.

"ನಾ ಹಿಂದ ಇರ್ತೀನಿ," ಎಂದಳು ಮಹಾನಂದಾ. "ಮುಟ್ಟಂಗಿಲ್ಲ. ಬರೇ ಇರ್ತೀನಿ."

ಅಮರಪ್ಪ ಮುಂದೆ ನಿಂತು ಬೆನ್ನು ಮಾಡಿದ. ಹಿಂದೆ ಟವೆಲಿನ ತುದಿ ಬಿಗಿಯಾಯಿತು. ಅವನು ಮೊದಲ ಮೆಟ್ಟಿಲು ಹತ್ತಿ ನಿಂತ. ಸೊಂಟದಲ್ಲಿ ಭಾರ ಜಗ್ಗಿತು. ಆಮೇಲೆ ಅವಳ ಬಲಗಾಲು ಸಿಮೆಂಟನ್ನು ಕೆರೆದ ಸದ್ದು. ಆಮೇಲೆ ಭಾರ ಹಗುರಾಯಿತು. ಬಂದಳು. ಅವನು ಇನ್ನೊಂದು ಹತ್ತಿದ.

ತಿರುಗಿ ನೋಡಬೇಕೆಂದು ಕತ್ತು ತಾನಾಗಿ ಹೊರಳುತ್ತಿತ್ತು. ಪ್ರತಿ ಹೆಜ್ಜೆಗೂ ಅದನ್ನು ತಡೆದು ಹಿಡಿಯಬೇಕಾಯಿತು. ಎದುರಿಗೆ ಮೆಟ್ಟಿಲಿನ ಅಂಚು, ಅದರ ಮೇಲೊಂದು ಒಣಗಿದ ಸುಣ್ಣದ ಕಲೆ, ಅದರಾಚೆ ಬೋಳು ಆಕಾಶ. ಅವನು ಅದನ್ನೇ ನೋಡಿದ. ನೋಡದಿದ್ದರೂ ಎಲ್ಲ ತಿಳಿಯುತ್ತಿತ್ತು. ಅವಳು ಗೋಡೆಗೆ ಹೆಗಲು ತಾಗಿಸಿದ್ದು, ಉಸಿರು ಎಳೆದದ್ದು, ಕಾಲೆತ್ತಲು ಮನಸ್ಸು ಮಾಡಿದ್ದು, ಮಾಡಿ ಬಿಟ್ಟದ್ದು, ಮತ್ತೆ ಮಾಡಿದ್ದು, ಎಲ್ಲ ಆ ಟವೆಲಿನೊಳಗಿಂದ ಹಾದು ಅವನ ಸೊಂಟಕ್ಕೆ ಬರುತ್ತಿತ್ತು. ಅಷ್ಟು ವರ್ಷ ತಾನು ಹೀಗೆಯೇ ಒಬ್ಬಳಿಗೆ ಜೋತುಬಿದ್ದಿದ್ದೆ ಎಂದುಕೊಂಡ. ಕೆಂಚಿಯ ಬೆನ್ನ ಮೇಲೆ ಗುಂಡಿನ ಪೆಟ್ಟಿಗೆ, ಹಿಂದೆ ತಾನು. ತಿರುಗಿ ನೋಡದೆ ನಡೆಯಲು ಎಷ್ಟು ಬಲ ಬೇಕೆಂದು ಈಗ ತಿಳಿಯಿತು. ಗೇಟಿನ ಹತ್ತಿರ ನಿಂತು ನೋಡಿದ ಆ ಮುಂಜಾನೆ, ಹುಲ್ಲಿನಿಂದ ತಲೆ ಎತ್ತದ ಆ ಕೆಂಚು ಕತ್ತು ಕಣ್ಣಿಗೆ ಕಟ್ಟಿತು. ಈ ಸಲ ಮನಸ್ಸು ಚುರುಕ್ಕೆನ್ನಲಿಲ್ಲ.

ನಡುವೆ ಒಂದು ಕಡೆ ಟವೆಲು ಸಡಿಲವಾಯಿತು. ಕೆಳಗೆ ವನಜಾ "ಅಯ್ಯೋ" ಎಂದರು. ಅವನು ತಿರುಗಲಿಲ್ಲ. ನಿಂತ. ಕಾಲು ಅಗಲಿಸಿ, ಕಲ್ಲಿನ ಹಾಗೆ ನಿಂತ. ಎಷ್ಟೋ ಹೊತ್ತಾದ ಮೇಲೆ, ಹಿಂದಿನಿಂದ ಏದುಸಿರಿನ ನಡುವೆ, "ನಡ್ರಿ..." ಎಂಬ ಮಾತು ಬಂತು. ತುದಿ ಮತ್ತೆ ಬಿಗಿಯಾಯಿತು. ಅವನು ನಡೆದ.

ಕಾಲಡಿಗೆ ಸಮನೆಲ ಸಿಕ್ಕಿದಾಗಲೂ ಅವನು ಅವಳಿಗೆ ಜಾಗ ಬಿಟ್ಟು ಮುಂದೆ ಹೋಗಿಯೇ ನಿಂತ. ಸಿದ್ದಕ್ಕ ರೂಮಿನ ಹೊಸ್ತಿಲ ಮೇಲೆ ಕುಸಿದು ಕೂತಳು. ಅವಳ ಹಿಂದೆಯೇ ಬಂದ ಮಹಾನಂದಾ ಅವ್ವನ ಹೆಗಲಿಗೆ ಮುಖ ಒತ್ತಿಕೊಂಡು ಅತ್ತಳು, ನಕ್ಕಳು. ಕೆಳಗೆ ಭೀಮಪ್ಪ ಯಾರಿಗೂ ಕಾಣದಂತೆ ಮೂಗೊರಸಿಕೊಂಡು, ಜೀಪಿನಿಂದ ಹಿಟ್ಟಿನ ಚೀಲವನ್ನು ಹೆಗಲಿಗೆ ಏರಿಸಿದ. "ಬಂದ ಹಾದಿಗೆ ಖಾಲಿ ಜೀಪ್ ಹೊಡಕೊಂಡು ಹೋಗ್ಬೇಕಲ್ಲಪಾ," ಎಂದು ಗೊಣಗುತ್ತ ಮೆಟ್ಟಿಲು ಹತ್ತತೊಡಗಿದ. "ವನಜಾ ಬಾಯಾರ, ಲಗೂನ ಒಂದು ಕಂಬಿ ಹಾಕಸ್ರಿ. ನಮ್ಮ ಮಾವನ ಸೊಂಟಾ ಉಳಿಯೂದಿಲ್ಲ."

"ನಾಳೇನೇ ಹಾಕಿಸ್ತೀನಪ್ಪಾ," ಎಂದರು ವನಜಾ, ಸೆರಗಿನಲ್ಲಿ ಕಣ್ಣೊರಸಿಕೊಳ್ಳುತ್ತ.

ಅಮರಪ್ಪ ಮೊದಲು ಮಾಡಬೇಕಾದ್ದನ್ನು ಮರೆಯಲಿಲ್ಲ. ಮಹಾನಂದಾ ಬೆಳಿಗ್ಗೆಯೇ ಮೇಲೆ ತಂದಿಟ್ಟಿದ್ದ ಕೊಡದಿಂದ ಒಂದು ಚೊಂಬು ನೀರು ಬಗ್ಗಿಸಿ ತಂದು, ಹೆಂಡತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಚೊಂಬನ್ನು ಅವಳ ಬಾಯಿಗೆ ಹಿಡಿದ. ಆಗ ಅವಳ ಮುಖ ನೋಡಿದ. ಬೆವರಿಳಿದ ಮುಖದಲ್ಲಿ ಆ ಒಂದು ಬದಿಯ ನಗು ಏರುತ್ತಿತ್ತು.

ಟವೆಲಿನ ತುದಿಯನ್ನು ಅವಳಿನ್ನೂ ಬಿಟ್ಟಿರಲಿಲ್ಲ. ಅದನ್ನು ಹಿಡಿದ ಕೈಯಿಂದಲೇ ಚೊಂಬನ್ನು ಅವನ ಕಡೆಗೆ ತಳ್ಳಿದಳು.

"ಮೊದಲ..." ಎಂದಳು. ಉಸಿರು ತಗೊಂಡಳು. "ಮೊದಲ... ಕಚ್ಚರಕ್ಕ."

ಅಮರಪ್ಪ ಚೊಂಬೆತ್ತಿ ಕುಡಿದ.